ನಡುವೆ ನಿಂತವನ ನಗೆ: ಕಂಬಾರರ ನಾಟಕ ಮತ್ತು ಸಿನಿಮಾ

ಚಂದ್ರಶೇಖರ ಕಂಬಾರರ ಮೇಲೆ ಬಂದಿರುವ ವಿಮರ್ಶೆಯಲ್ಲಿ ಕಾಮದ ಮಾತಿದೆ, ಮಳೆಯ ಮಾತಿದೆ, ತಾಯಿದೇವತೆ, ಗೌಡಿಕೆ, ವಸಾಹತುಶಾಹಿ ಎಲ್ಲವೂ ಇವೆ. ನಗೆಯ ಮಾತು ಮಾತ್ರ ತೀರ ಕಡಿಮೆ. ನಾಟಕ ನೋಡುವಾಗ ಹೊಟ್ಟೆ ಹಿಡಿದುಕೊಂಡು ನಕ್ಕವರೇ ಬರೆಯಲು ಕೂತಾಗ ಆ ನಗೆಯನ್ನು ಗುಡಿಯ ಮುಂದೆ ಚಪ್ಪಲಿ ಬಿಟ್ಟ ಹಾಗೆ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಇದು ಸರಿಯಲ್ಲ ಎಂಬುದು ಈ ಉಪನ್ಯಾಸದ ವಾದ. ಕಂಬಾರರಲ್ಲಿ ನಗೆ ಎನ್ನುವುದು ವಿಚಾರ ನಡೆಯುವ ರೀತಿಯೇ ಆಗಿದೆ. ಆ ರೀತಿ ಅವರಿಗೆ ಬಂದದ್ದು ಘಟಪ್ರಭೆಯ ಎರಡು ದಂಡೆಯ ಆಟಗಳಿಂದ. ಆಟದಲ್ಲಿ ಪಾತ್ರಧಾರಿಗೂ ಪ್ರೇಕ್ಷಕರಿಗೂ ನಡುವೆ ಒಬ್ಬ ನಿಂತಿರುತ್ತಾನೆ. ಬಂದವರನ್ನೆಲ್ಲ ಮಾತಾಡಿಸುತ್ತಾನೆ, ಕೆಣಕುತ್ತಾನೆ, ಕೂತವರ ಪರವಾಗಿ ಪ್ರಶ್ನೆ ಕೇಳುತ್ತಾನೆ. ಕಂಬಾರರ ನಗೆ ಇವನದು. ನಾಟಕದಲ್ಲಿ ಇವನಿಗೆ ಜಾಗ ಸಿಕ್ಕಿತು. ಕಂಬಾರರು ಚಿತ್ರಕಥೆ ಬರೆದು, ನಿರ್ದೇಶಕರೂ ಸಂಗೀತಕಾರರೂ ಆಗಿ ಸಿನಿಮಾಕ್ಕೆ ಹೋದಾಗ ಅಲ್ಲಿ ಇವನಿಗೆ ಜಾಗ ಸಿಗಲಿಲ್ಲ. ಸಿನಿಮಾದಲ್ಲಿ ಅವರು ಮಾಡಿದ್ದನ್ನೂ ಮಾಡಲಾಗದೆ ಉಳಿದದ್ದನ್ನೂ ಈ ಒಂದು ಸಂಗತಿಯಿಂದ ಅರ್ಥ ಮಾಡಿಕೊಳ್ಳಬಹುದು.

ಹುಟ್ಟಿದ ಸೀಮೆಯಿಂದ ತೊಡಗಬೇಕು. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಕುಲುಮೆಯ ಕೆಲಸದ ಮನೆತನದಲ್ಲಿ ಕಂಬಾರರು ಹುಟ್ಟಿದರು. ಹೈಸ್ಕೂಲು ಗೋಕಾಕದಲ್ಲಿ. ಬಡತನದಿಂದ ಓದು ನಿಂತಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆಸರೆಯಾದರು. ಮುಂದೆ ಬೆಳಗಾವಿ, ಧಾರವಾಡ. ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಈ ಆಯ್ಕೆಗೆ ಕಾರಣ ಊರ ಸುತ್ತಲೇ ಇತ್ತು. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡಿನ ತಮ್ಮಣ್ಣ, ಅಪರಾಳ ತಮ್ಮಣ್ಣನ ಕೃಷ್ಣಪಾರಿಜಾತವನ್ನು ತಿದ್ದಿ ತೀಡಿ ಆಟವಾಗಿ ಬೆಳೆಸಿದವನು. ಅದೇ ಸೀಮೆಯ ಕೌಜಲಗಿಯ ನಿಂಗಮ್ಮ, ಹೆಣ್ಣುಮಕ್ಕಳು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಆ ಆಟವನ್ನು ಊರೂರಿಗೆ ಒಯ್ದು ಹೆಸರಾದಳು. ಪಾರಿಜಾತದ ಕಥೆ ಎಲ್ಲರಿಗೂ ಗೊತ್ತು. ನಾರದ ತಂದ ಹೂವು ರುಕ್ಮಿಣಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ದೇವರು ಹೆಂಡತಿಯ ಕಾಲಿಗೆ ಬೀಳುವ ಹೊತ್ತು ಬರುತ್ತದೆ. ಆದರೆ ಬೆಳಗಿನವರೆಗೆ ಜನ ಎದ್ದು ಕೂತಿರುವುದು ಕಥೆಗಾಗಿ ಅಲ್ಲ, ಆ ನಡುವೆ ನಿಂತವನಿಗಾಗಿ, ಭಾಗವತನಿಗಾಗಿ. ಸತ್ಯಭಾಮೆ ರಂಗಕ್ಕೆ ಬಂದ ಕೂಡಲೇ ಅವಳು ರಾಣಿಯಾಗಿ ನಡೆಯಲು ಅವನು ಬಿಡುವುದಿಲ್ಲ. ಯಾರು, ಯಾವೂರು, ಯಾರ ಮಗಳು, ಯಾರ ಹೆಂಡತಿ, ಇಷ್ಟು ಹೊತ್ತಿನಲ್ಲಿ ಇಲ್ಲೇನು ಕೆಲಸ ಎಂದು ಊರ ಮಾತಿನಲ್ಲೇ ಕೇಳುತ್ತಾನೆ. ಅವಳು ಹಾಡಿ ಹೇಳಿದ್ದನ್ನು ಅವನು ಆಡುಮಾತಿಗೆ ಇಳಿಸಿ ತಿರುಗಿ ಹೇಳುತ್ತಾನೆ. ಹಾಗೆ ಹೇಳುವಾಗಲೇ ಅವಳ ಜಂಬ ಅರ್ಧ ಕರಗಿರುತ್ತದೆ. ಅವನೇ ಕ್ಷಣದಲ್ಲಿ ದೂತನಾಗುತ್ತಾನೆ, ಇನ್ನೊಂದು ಕ್ಷಣದಲ್ಲಿ ಹಾರ್ಮೋನಿಯಂ ಪಕ್ಕ ನಿಂತು ಹಿಮ್ಮೇಳದ ದನಿಯಾಗುತ್ತಾನೆ. ದೇವರನ್ನೂ ರಾಣಿಯನ್ನೂ ಏಕವಚನದಲ್ಲಿ ಮಾತಾಡಿಸುವ ಹಕ್ಕನ್ನು ಸಭೆ ಅವನಿಗೆ ಕೊಟ್ಟಿದೆ. ಭಕ್ತಿಗೆ ಇದರಿಂದ ಊನವಾಗುವುದಿಲ್ಲ. ಅದೇ ಜನ ಅದೇ ರಾತ್ರಿ ಕೃಷ್ಣನಿಗೆ ಆರತಿ ಎತ್ತುತ್ತಾರೆ.

ಕಂಬಾರರು ಈ ಭಾಗವತನನ್ನು ಹಾಗೆಯೇ ಎತ್ತಿ ಆಧುನಿಕ ನಾಟಕದೊಳಗೆ ಇಟ್ಟಿದ್ದರೆ ಅದೊಂದು ಜಾನಪದ ಪ್ರದರ್ಶನವಾಗುತ್ತಿತ್ತು, ಅಷ್ಟೇ. 1972ರ 'ಜೋಕುಮಾರಸ್ವಾಮಿ'ಯಲ್ಲಿ ಅವರು ಮಾಡಿದ್ದು ಬೇರೆ. ಆಟಗಳೆಲ್ಲ ಗಣಪತಿಯ ಸ್ತುತಿಯಿಂದ ಶುರುವಾಗುವುದು ವಾಡಿಕೆ. ಇಲ್ಲಿ ಆ ಜಾಗಕ್ಕೆ ಜೋಕುಮಾರ ಬರುತ್ತಾನೆ, ಸೂತ್ರಧಾರನಿಗೂ ಹಿಮ್ಮೇಳದವರಿಗೂ ಅಲ್ಲೇ ಮಾತಿಗೆ ಮಾತು ಬೆಳೆಯುತ್ತದೆ. ಯಾವ ದೇವರಿಗೆ ಮೊದಲ ಪೂಜೆ ಎಂಬ ಈ ಜಗಳ ನಗೆಯ ಜಗಳ. ನಾಟಕದ ಮುಖ್ಯ ಪ್ರಶ್ನೆಯೂ ಇದೇ ಜಗಳದಲ್ಲಿದೆ. ಫಲ ಯಾರಿಂದ, ಹಕ್ಕು ಯಾರಿಗೆ? ಊರನ್ನು ಬಂದೂಕಿನಿಂದ ಆಳುವ ಗೌಡನಿಗೆ ಮಕ್ಕಳಿಲ್ಲ. ಜೋಕುಮಾರಸ್ವಾಮಿಯ ಪೂಜೆಯಾದ ಪಡವಲಕಾಯಿಯ ಪಲ್ಯ ಉಣ್ಣಿಸಿದರೆ ಮಕ್ಕಳಾಗುತ್ತವೆ ಎಂಬ ನಂಬಿಕೆಯಿಂದ ಗೌಡ್ತಿ ಅದನ್ನು ಹೊಲಕ್ಕೆ ಒಯ್ಯುತ್ತಾಳೆ. ಉಂಡವನು ಗೌಡನಲ್ಲ, ಉಳುವವನಿಗೇ ಹೊಲ ಎಂದು ಗೌಡನಿಗೆ ಎದುರು ನಿಂತ ಬಸಣ್ಣ. ಈ ಅದಲುಬದಲು ಹಾಸ್ಯನಾಟಕದ ಹಳೆಯ ತಂತ್ರ. ಕತ್ತಲೆ, ತಪ್ಪು ಮನುಷ್ಯ, ತಪ್ಪಿದ ಬುತ್ತಿ. ಆದರೆ ನಕ್ಕು ಮುಗಿಸುವಷ್ಟರಲ್ಲಿ ಪ್ರೇಕ್ಷಕನಿಗೆ ಹೊಳೆಯುತ್ತದೆ, ಬುತ್ತಿ ತಪ್ಪಿಲ್ಲ. ಭೂಮಿಗೂ ಹೆಣ್ಣಿಗೂ ಫಲ ಕೊಡಬಲ್ಲವನ ಬಾಯಿಗೇ ಅದು ಸೇರಿದೆ. ಗೌಡನಿಗೆ ಹೆದರಿ ನಡುಗುವ ಗುರ್ಯಾನನ್ನು ನೋಡಿ ನಾವು ನಗುತ್ತೇವೆ. ಆ ಹೆದರಿಕೆ ನಮ್ಮೂರಿನದೇ ಎಂದು ತಿಳಿಯಲು ಮಾತ್ರ ತುಸು ಹೊತ್ತು ಹಿಡಿಯುತ್ತದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಪಡವಲಕಾಯಿಯ ಪಲ್ಯದ ಮೂಲಕ ಆ ವಾದ ರಂಗದ ಮೇಲೆ ಮಂಡನೆಯಾಗಿತ್ತು.

ನಾಟಕ ಬಸಣ್ಣನ ಸಾವಿನಲ್ಲಿ ಮುಗಿಯುತ್ತದಲ್ಲ, ಅದು ಹಾಸ್ಯವಾಗುವುದು ಹೇಗೆ ಎಂದು ಕೇಳಬಹುದು. ಕೇಳಬೇಕಾದದ್ದೇ. ಮದುವೆಯಲ್ಲೋ ಸಂಧಾನದಲ್ಲೋ ಮುಗಿಯುವುದು ಹಾಸ್ಯ, ಸಾವಿನಲ್ಲಿ ಮುಗಿಯುವುದು ದುರಂತ ಎಂಬ ವಿಂಗಡಣೆ ಪುಸ್ತಕದಿಂದ ಬಂದದ್ದು. ಭಾದ್ರಪದದ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಈ ಭಾಗದ ಹಳ್ಳಿಗಳಲ್ಲಿ ನಡೆಯುವ ಜೋಕುಮಾರನ ಆಚರಣೆಯನ್ನು ನೆನೆಯಬೇಕು. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತ ಮಣ್ಣಿನ ಜೋಕುಮಾರ. ಅಗಲ ಬಾಯಿ, ಬಾಯಿಗೆ ಮೆತ್ತಿದ ಬೆಣ್ಣೆ. ಹೊತ್ತು ತಂದ ಹೆಣ್ಣುಮಕ್ಕಳು ಅಂಗಳದಲ್ಲಿ ಇಳಿಸಿ ಅವನ ತುಂಟತನದ ಹಾಡು ಹಾಡುತ್ತಾರೆ, ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಉಳಿದ ದಿನ ಬಾಯಿ ಬಿಟ್ಟು ಆಡಲಾಗದ ಮಾತು ಆ ದಿನ ಅಂಗಳದಲ್ಲಿ, ಅತ್ತೆ ಸೊಸೆ ಇಬ್ಬರೂ ಕೇಳುವಂತೆ, ನಗುತ್ತ ಹಾಡಾಗುತ್ತದೆ. ಹುಣ್ಣಿಮೆಯ ರಾತ್ರಿ ಜೋಕುಮಾರ ಸಾಯುತ್ತಾನೆ. ಅವನು ಸತ್ತರೆ ಮಳೆ, ಬೆಳೆ ಎಂಬುದು ನಂಬಿಕೆ. ಈ ಜನರ ಅನುಭವದಲ್ಲಿ ನಗೆಯೂ ಸಾವೂ ಒಂದೇ ಹಬ್ಬದ ಮೊದಲ ದಿನ ಮತ್ತು ಕೊನೆಯ ದಿನ. ಕಂಬಾರರು ಹಾಸ್ಯವನ್ನು ದುರಂತಕ್ಕೆ ತಿರುಗಿಸಲಿಲ್ಲ, ಹಬ್ಬದ ದಾರಿಯನ್ನು ಕೊನೆಯವರೆಗೂ ನಡೆದರು. ಬಸಣ್ಣ ಸಾಯುತ್ತಾನೆ, ಗೌಡ್ತಿಯ ಬಸಿರು ಉಳಿಯುತ್ತದೆ, ಬಂದೂಕು ಗೆದ್ದೂ ಸೋಲುತ್ತದೆ.

ಇಲ್ಲಿ ಹಾಲಿವುಡ್ಡಿನ ಒಂದು ಉದಾಹರಣೆ ತರುವುದು ವಾದಕ್ಕೆ ಉಪಯೋಗ. 1930ರ ದಶಕದಲ್ಲಿ ಅಲ್ಲಿನ ಸ್ಟುಡಿಯೋಗಳಲ್ಲಿ ಚಿತ್ರಕಥೆಗಾರ ಸಂಬಳದ ಮನುಷ್ಯ. ಬರೆದು ಕೊಟ್ಟ ಮೇಲೆ ಆ ಹಾಳೆಗಳ ಮೇಲೆ ಅವನಿಗೆ ಹಕ್ಕಿಲ್ಲ. ಪ್ರೆಸ್ಟನ್ ಸ್ಟರ್ಜಸ್ ಎಂಬ ಹಾಸ್ಯ ಬರಹಗಾರ ಇದನ್ನು ಮುರಿದ. 'ದಿ ಗ್ರೇಟ್ ಮೆಗಿಂಟಿ'ಯ ಚಿತ್ರಕಥೆಯನ್ನು ಪ್ಯಾರಾಮೌಂಟ್ ಕಂಪನಿಗೆ ಬರೀ 10 ಡಾಲರಿಗೆ ಕೊಟ್ಟ, ನಿರ್ದೇಶನ ತನ್ನದೇ ಇರಬೇಕು ಎಂಬ ಕರಾರಿನ ಮೇಲೆ. 1940ರಲ್ಲಿ ತೆರೆಗೆ ಬಂದ ಆ ಚಿತ್ರಕ್ಕೆ ಮೂಲ ಚಿತ್ರಕಥೆಯ ಮೊದಲ ಆಸ್ಕರ್ ಬಂತು. ಅವನ 1944ರ 'ದಿ ಮಿರಕಲ್ ಆಫ್ ಮೋರ್ಗನ್ಸ್ ಕ್ರೀಕ್' ಚಿತ್ರ 'ಜೋಕುಮಾರಸ್ವಾಮಿ'ಯ ಪಕ್ಕದಲ್ಲಿ ಇಟ್ಟು ನೋಡುವಂಥದು. ಯುದ್ಧಕ್ಕೆ ಹೊರಟ ಸೈನಿಕರನ್ನು ಬೀಳ್ಕೊಡುವ ಕುಣಿತಕ್ಕೆ ಹೋದ ಟ್ರೂಡಿ ಎಂಬ ಹುಡುಗಿ ಮರುದಿನ ಎಚ್ಚತ್ತಾಗ ಅವಳಿಗೆ ಮದುವೆಯಾಗಿದೆ. ಗಂಡ ಯಾರೆಂದು ನೆನಪಿಲ್ಲ, ಸ್ವಲ್ಪ ದಿನಕ್ಕೆ ಬಸಿರು. ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಗಿದ್ದ ಕಾಲ ಅದು. ಆಡಬಾರದ್ದನ್ನು ಸ್ಟರ್ಜಸ್ ಮಾತಿನ ವೇಗದಲ್ಲಿ, ಗದ್ದಲದಲ್ಲಿ, ಬಿದ್ದೇಳುವ ಆಟದಲ್ಲಿ ಮುಚ್ಚಿ ದಾಟಿಸಿದ. ಕೊನೆಗೆ ಒಂದೇ ಹೆರಿಗೆಯಲ್ಲಿ ಆರು ಗಂಡು ಮಕ್ಕಳು ಹುಟ್ಟಿದ್ದೇ ರಾಜ್ಯಪಾಲನೇ ಮುಂದೆ ನಿಂತು ಕಾಗದಪತ್ರ ಸರಿಮಾಡಿಸುತ್ತಾನೆ. ತಂದೆ ಯಾರೆಂಬ ಪ್ರಶ್ನೆ ಎರಡೂ ಕಡೆ ಇದೆ, ಅಧಿಕಾರದ ಮುಖಕ್ಕೆ ಮಸಿ ಬಳಿಯುವ ಬಸಿರು ಎರಡೂ ಕಡೆ ಇದೆ. ವ್ಯತ್ಯಾಸ ಇರುವುದು ಪರವಾನಗಿಯಲ್ಲಿ. ಸ್ಟರ್ಜಸನಿಗೆ ಅದನ್ನು ಕದಿಯಬೇಕಾಯಿತು. ಕಂಬಾರರಿಗೆ ಜೋಕುಮಾರನ ಹಬ್ಬ ಅದನ್ನು ಮೊದಲೇ ಕೊಟ್ಟಿತ್ತು. ಹೀಗಾಗಿ ಸ್ಟರ್ಜಸನ ನಗೆಗೆ ಓಟ ಜಾಸ್ತಿ, ಕಂಬಾರರ ನಗೆಗೆ ಪುರುಸೊತ್ತು ಜಾಸ್ತಿ. ನಿಂತು, ಕೆಣಕಿ, ಹಾಡಿ, ಮತ್ತೆ ಕೆಣಕುವಷ್ಟು ಸಮಯ ಅದಕ್ಕಿದೆ.

ಈ ಪುರುಸೊತ್ತಿನ ನಗೆ ಕನ್ನಡ ಸಿನಿಮಾಕ್ಕೆ ಹೋದರೆ ಏನಾಗಬಹುದಿತ್ತು? ಕಳೆದ ಶತಮಾನದ ನಡುಗಾಲದಲ್ಲಿ ನಮ್ಮ ಚಿತ್ರಗಳ ಹಾಸ್ಯ ಹೇಗಿತ್ತು ಎಂಬುದನ್ನು ನೋಡದೆ ಇದಕ್ಕೆ ಉತ್ತರವಿಲ್ಲ. ಕಂಪನಿ ನಾಟಕಗಳಲ್ಲಿ ಗಂಭೀರ ದೃಶ್ಯಗಳ ನಡುವೆ ಹಾಸ್ಯಕ್ಕೆ ಬೇರೆ ದೃಶ್ಯ, ಬೇರೆ ಜೋಡಿ ಇರುತ್ತಿತ್ತು. ಆ ಕಟ್ಟು ಸಿನಿಮಾಕ್ಕೂ ಬಂತು. ಗುಬ್ಬಿ ಕಂಪನಿಯ ರಂಗದಿಂದ ಬಂದು 1954ರ 'ಬೇಡರ ಕಣ್ಣಪ್ಪ'ದಿಂದ ಜನರ ಮನಸ್ಸು ಗೆದ್ದ ನರಸಿಂಹರಾಜು ದೊಡ್ಡ ನಟ. ಅವರು ತೆರೆಯ ಮೇಲೆ ಬಂದರೆ ಸಾಕು ಟಾಕೀಸು ತುಂಬ ನಗೆ. ಆದರೆ ಅನೇಕ ಚಿತ್ರಗಳಲ್ಲಿ ಅವರ ದೃಶ್ಯಗಳನ್ನು ತೆಗೆದರೂ ಕಥೆ ನಿಲ್ಲುವುದಿಲ್ಲ. ಅದು ಅವರ ದೋಷವಲ್ಲ, ಬರೆದವರು ಅವರಿಗೆ ಕೊಟ್ಟ ಜಾಗದ ದೋಷ. 1967ರಲ್ಲಿ ಅವರು ಸ್ವತಃ ನಿರ್ಮಾಪಕರಾಗಿ 'ನಕ್ಕರೆ ಅದೇ ಸ್ವರ್ಗ' ತೆಗೆದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ ಚಿತ್ರವೆಂದು ಈಗ ಅದನ್ನು ನೆನೆಯುತ್ತಾರೆ. ಹಾಸ್ಯನಟನೊಬ್ಬ ತನ್ನ ದುಡ್ಡು ಹಾಕಿ ಹಾಸ್ಯಕ್ಕೆ ಇಡೀ ಚಿತ್ರದ ಅಗಲ ಕೊಡಲು ಹೊರಟದ್ದು ಅದಕ್ಕಿಂತ ದೊಡ್ಡ ಸಂಗತಿ ಎಂದು ನನಗೆ ಅನಿಸುತ್ತದೆ. ಹೀಗೆ ಹಾಸ್ಯ ಬಿಡಿಯಾಗಿ ನಡೆಯುತ್ತಿದ್ದ ಉದ್ಯಮದಲ್ಲಿ ದೇವರು, ಗೌಡ, ಸೂಳೆ, ಸೂತ್ರಧಾರ ಎಲ್ಲರನ್ನೂ ಒಂದೇ ನಗೆಯಲ್ಲಿ ಹೆಣೆಯುವ ಬರಹಕ್ಕೆ ಗೊತ್ತಾದ ಜಾಗವೇ ಇರಲಿಲ್ಲ. ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳು ಆ ಹಾಸ್ಯದ ಜೋಡಿಯನ್ನು ತೆಗೆದುಹಾಕಿದವು, ಒಳ್ಳೆಯದೇ ಆಯಿತು. ಜೊತೆಗೆ ನಗೆಯನ್ನೂ ಬಹುಮಟ್ಟಿಗೆ ತೆಗೆದುಹಾಕಿದವು. ಅದು ನಷ್ಟ.

ಕಂಬಾರರು ಸಿನಿಮಾಕ್ಕೆ ಬಂದದ್ದು ಈ ಎರಡರ ನಡುವೆ. ಮಳೆಗಾಗಿ ಕಾಯುವ ಊರಿನ ನಾಟಕ 'ಋಷ್ಯಶೃಂಗ'ವನ್ನು ವಿ.ಆರ್.ಕೆ. ಪ್ರಸಾದ್ ಚಿತ್ರ ಮಾಡಿದರು. 'ಕರಿಮಾಯಿ', 'ಕಾಡುಕುದುರೆ', 'ಸಂಗೀತಾ' ಚಿತ್ರಗಳನ್ನು ಕಂಬಾರರೇ ನಿರ್ದೇಶಿಸಿದರು. ಬರೆದವನೇ ನಿರ್ದೇಶಿಸಬೇಕೆಂಬ ಹಟ ಸ್ಟರ್ಜಸನದೇ. ಆದರೆ ಸ್ಟರ್ಜಸನಿಗೆ ಸ್ಟುಡಿಯೋ ಇತ್ತು, ಪ್ರತಿ ಚಿತ್ರದಲ್ಲೂ ಮರಳಿ ಬರುವ ನಟರ ತಂಡವಿತ್ತು. ಕಂಬಾರರಿಗೆ ಇದ್ದದ್ದು ಬೆಂಗಳೂರು ವಿಶ್ವವಿದ್ಯಾಲಯದ ಅಧ್ಯಾಪಕನ ನೌಕರಿ. ಈ ಚಿತ್ರಗಳಲ್ಲಿ ಭಾಗವತನನ್ನು ಅವರು ಎಲ್ಲಿ ಇಟ್ಟರು ಎಂದು ಹುಡುಕಿದರೆ ಸಿಗುವ ಉತ್ತರ ಹಾಡು. 'ಕಾಡುಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆ ದನಿ ಯಾವುದೋ ಪಾತ್ರದ ಅಳಲನ್ನು ಹೇಳಿಕೊಳ್ಳುವುದಿಲ್ಲ. ಹೊರಗೆ ನಿಂತು ಕುದುರೆಯನ್ನು ನೋಡಿ, ನಮ್ಮ ಕಡೆ ತಿರುಗಿ, ಬಂದದ್ದು ಎಂಥದ್ದು ಎಂದು ಸಾರುತ್ತದೆ. ಹಿಮ್ಮೇಳದ ಕೆಲಸವೇ ಇದು. ಕ್ಯಾಮೆರಾದ ಮುಂದೆ ನಿಲ್ಲಲಾಗದ ಭಾಗವತ ಧ್ವನಿಪಥದಲ್ಲಿ ಬಂದು ನಿಂತಿದ್ದಾನೆ. ಆದರೆ ಅರ್ಧ ಮಾತ್ರ ಬಂದಿದ್ದಾನೆ. ಹಾಡುವ ಭಾಗವತ ಬಂದ, ಪ್ರಶ್ನೆ ಕೇಳಿ ನಗಿಸುವ ಭಾಗವತ ಬರಲಿಲ್ಲ. ಆ ಪ್ರಶ್ನೆಗೆ ಎದುರಿಗೆ ಕೂತ ಸಭೆ ಬೇಕು, ನಕ್ಕರೆ ತಡೆದು, ನಗದಿದ್ದರೆ ಮತ್ತೊಂದು ಮಾತು ಎಸೆದು, ಅಲ್ಲಲ್ಲೇ ಬೆಳೆಸುವ ಸ್ವಾತಂತ್ರ್ಯ ಬೇಕು. ಅಚ್ಚಾದ ರೀಲಿಗೆ ಅದು ಸಾಧ್ಯವಿಲ್ಲ.

'ಕರಿಮಾಯಿ' ಕಾದಂಬರಿಯಲ್ಲಿ ಈ ಕಷ್ಟ ಇನ್ನೂ ಚೆನ್ನಾಗಿ ಕಾಣುತ್ತದೆ. ಪೇಟೆಯಲ್ಲಿ ಓದಿ ಬಂದ ಗುಡಸೀಕರ ಶಿವಾಪುರವನ್ನು ಸುಧಾರಿಸಲು ಹೊರಡುತ್ತಾನೆ. ಅವನ ಭಾಷಣ, ಅವನ ಠಾಕುಠೀಕು, ಊರವರು ಅದನ್ನು ಅರ್ಥ ಮಾಡಿಕೊಳ್ಳುವ ಬಗೆ, ಪುಟ ಪುಟದಲ್ಲೂ ನಗೆಯಿದೆ. ಆ ನಗೆ ಹುಟ್ಟುವುದು ಘಟನೆಯಿಂದಲ್ಲ, ಕಥೆ ಹೇಳುವವನ ದನಿಯಿಂದ. ಅವನು ಗುಡಸೀಕರನನ್ನು ಹೊಗಳುತ್ತಿದ್ದಾನೋ ಜರಿಯುತ್ತಿದ್ದಾನೋ ತಿಳಿಯದ ಹಾಗೆ ಹೇಳುತ್ತ ಹೋಗುತ್ತಾನೆ. ಚಿತ್ರದಲ್ಲಿ ಘಟನೆ ತೋರಿಸಬಹುದು, ಈ ದನಿಯನ್ನು ತೋರಿಸುವುದು ಕಷ್ಟ. 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲೂ ಅರಮನೆಯ ಕಥೆ ನಮಗೆ ಸಿಗುವುದು ಶೀನಿಂಗವ್ವನ ಬಾಯಿಂದ. ಕೈಲಾಗದ ದೇಸಗತಿಯ ದರ್ಬಾರು ಅವಳ ಮಾತಿನಲ್ಲಿ ಬಂದಾಗ ನಗೆಯೂ ಮರುಕವೂ ಒಂದೇ ಉಸಿರಿನಲ್ಲಿ ಬರುತ್ತವೆ. ಟಿ.ಎಸ್. ನಾಗಾಭರಣ ಅದನ್ನು ಚಿತ್ರ ಮಾಡಿದರು, 2002ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಹತ್ತು ವರ್ಷ ಮೊದಲು ಕಂಬಾರರದೇ ಕಥೆಯನ್ನು ಆಧರಿಸಿದ ಕೆ.ಎಸ್.ಎಲ್. ಸ್ವಾಮಿಯವರ 'ಹರಕೆಯ ಕುರಿ'ಗೂ ಅದೇ ಪ್ರಶಸ್ತಿ ಬಂದಿತ್ತು. ಕಂಬಾರರ ಕಥೆಗಳಿಗೆ ತೆರೆಯ ಮೇಲೆ ಮನ್ನಣೆ ಸಿಗಲಿಲ್ಲ ಎನ್ನುವಂತಿಲ್ಲ. ನಾನು ಹೇಳುತ್ತಿರುವುದು ಮನ್ನಣೆ ಸಿಕ್ಕ ಆ ದಾರಿಯಲ್ಲಿ ಬಿಟ್ಟುಹೋದದ್ದು ಏನು ಎಂಬುದನ್ನು.

ಈ ವಾದಕ್ಕೆ ಎದುರು ಹೇಳಬಹುದಾದ ಮಾತುಗಳಿವೆ. ಕಂಬಾರರು ಮೂಲತಃ ಕವಿ, ಪುರಾಣಗಳನ್ನು ಕಟ್ಟುವವರು, ನಗೆ ಅವರಲ್ಲಿ ನಡುನಡುವೆ ಬರುವ ವಿರಾಮವಷ್ಟೇ ಎನ್ನುವವರು 'ಸಿರಿಸಂಪಿಗೆ'ಯನ್ನು ತೋರಿಸುತ್ತಾರೆ. 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ನಾಟಕದ ರಾಜಕುಮಾರ ತನ್ನಿಂದಲೇ ಹುಟ್ಟಿದ ಹೆಣ್ಣು ಬೇಕೆಂದು ತನ್ನ ದೇಹವನ್ನೇ ಎರಡಾಗಿ ಸೀಳಿಸಿಕೊಳ್ಳುತ್ತಾನೆ. ಗಂಭೀರ ವಸ್ತು, ಒಪ್ಪೋಣ. ಆದರೆ ಅದೇ ನಾಟಕದಲ್ಲಿ ಅವಳಿ, ಜವಳಿ ಎಂಬ ಹಾಸ್ಯದ ಜೋಡಿ ಇದೆ. ರಾಜಕುಮಾರನ ಬದುಕಿನ ಸಮಸ್ಯೆ ಒಬ್ಬ ಇಬ್ಬರಾದದ್ದು, ಇವರ ಪಾಡು ಇಬ್ಬರು ಒಬ್ಬರಂತಿರುವುದು. ಒಂದೇ ಪ್ರಶ್ನೆಯನ್ನು ಅರಮನೆಯಲ್ಲಿ ಒಮ್ಮೆ, ಬಯಲಲ್ಲಿ ಒಮ್ಮೆ ಕೇಳಲಾಗಿದೆ. ಈ ಜೋಡಿಯನ್ನು ತೆಗೆದರೆ ನಾಟಕದ ಹೊತ್ತು ಉಳಿಯಬಹುದು, ಅರ್ಥ ಉಳಿಯುವುದಿಲ್ಲ. ಕಂಪನಿ ನಾಟಕದ ಹಾಸ್ಯದೃಶ್ಯಕ್ಕೂ ಕಂಬಾರರ ಹಾಸ್ಯಕ್ಕೂ ಇರುವ ಅಂತರ ಇದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಯಲಾಟದ ನಗೆ ಹೆಣ್ಣನ್ನು ಹಗುರ ಮಾಡುತ್ತದೆ, ಕಂಬಾರರೂ ಅದರಿಂದ ತಪ್ಪಿಸಿಕೊಂಡಿಲ್ಲ ಎಂಬುದು. ಆಟಗಳ ಎಷ್ಟೋ ಹಾಸ್ಯದ ಮಾತುಗಳ ವಿಷಯದಲ್ಲಿ ಇದು ನಿಜ, ಮುಚ್ಚಿಡುವ ಅಗತ್ಯವಿಲ್ಲ. ಕಂಬಾರರ ಹೆಣ್ಣುಗಳ ಚೆಲುವನ್ನು ಕುರಿತ ವರ್ಣನೆ ಕೆಲವೆಡೆ ಅತಿಯಾಯಿತು ಎಂದು ಹೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ನಗೆಯ ಗುರಿ ಯಾರು ಎಂದು ನೋಡಬೇಕು. 'ಜೋಕುಮಾರಸ್ವಾಮಿ'ಯಲ್ಲಿ ಬಂಜೆ ಎಂಬ ಮಾತು ಹೊತ್ತ ಗೌಡ್ತಿಯನ್ನು ಕಂಡು ಯಾರೂ ನಗುವುದಿಲ್ಲ. ನಗುವುದು ಬಂದೂಕು ಹಿಡಿದ ಗಂಡಸಿನ ಮೇಲೆ. ಊರು ಸೂಳೆ ಎಂದು ಕರೆಯುವ ಶಾರಿ ಊರಿನ ಗಂಡಸರ ನಿಜವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಮಾತಿನ ಚಾಟಿ ಅವಳ ಕೈಯಲ್ಲಿದೆ. ಪಾರಿಜಾತದಲ್ಲಿ ಕೂಡ ಕೊನೆಗೆ ಇಳಿದು ಬರಬೇಕಾದವನು ಕೃಷ್ಣ. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಆ ಆಟವನ್ನು ತನ್ನದು ಮಾಡಿಕೊಂಡು ಬದುಕು ಕಟ್ಟಿಕೊಳ್ಳಲು ಸಾಧ್ಯವಾದದ್ದು ಅದರೊಳಗೆ ಹೆಣ್ಣಿನ ಮಾತಿಗೆ ಅಷ್ಟು ಎಡೆಯಿದ್ದುದರಿಂದಲೇ.

ಇದೆಲ್ಲ ಬೆಂಗಳೂರಿನ ಓದುಬಲ್ಲವರಿಗೆ ಹಳ್ಳಿಯನ್ನು ಮಾರಿದ್ದು ಎಂಬ ಮಾತೂ ಉಂಟು. ಬಿ.ವಿ. ಕಾರಂತರು 1972ರಲ್ಲಿ 'ಜೋಕುಮಾರಸ್ವಾಮಿ', 'ಈಡಿಪಸ್', 'ಸಂಕ್ರಾಂತಿ' ಮೂರನ್ನೂ ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ ಆಡಿಸಿದಾಗ ನೋಡಲು ಬಂದವರು ಬಹುಪಾಲು ಪೇಟೆಯವರೇ. ಆದರೆ ಅವರಿಗೆ ಸಿಕ್ಕದ್ದು ಹಳ್ಳಿಯ ಚಿತ್ರವಲ್ಲ. ಭಾಗವತ ಅವರನ್ನೇ ಹಳ್ಳಿಯ ಸಭೆ ಮಾಡಿ ಕೂರಿಸಿದ, ಅವರ ಪರವಾಗಿ ಗೌಡನನ್ನು ಕೆಣಕಿದ, ಅವರಿಂದ ನಗೆಯನ್ನು ಉತ್ತರವಾಗಿ ಪಡೆದ. ಕತ್ತಲೆಯಲ್ಲಿ ಒಬ್ಬೊಬ್ಬರಾಗಿ ಕೂತು ತೆರೆಯನ್ನು ನೋಡುವವರಿಗೆ ಈ ಕೆಲಸ ಯಾರೂ ಹಚ್ಚುವುದಿಲ್ಲ. ಕಂಬಾರರು ನಿರ್ದೇಶನವನ್ನು ಮುಂದುವರಿಸದೆ ಮತ್ತೆ ಮತ್ತೆ ನಾಟಕಕ್ಕೆ ಮರಳಿದ್ದಕ್ಕೆ ಹಣದ ಕಾರಣ, ಹೊತ್ತಿನ ಕಾರಣ ಇದ್ದಿರಬಹುದು. 1991ರಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ಕಟ್ಟುವ ಹೊಣೆಯೂ ಅವರ ಹೆಗಲ ಮೇಲಿತ್ತು. ಆದರೆ ಹೊಣೆ ಎಷ್ಟೇ ಇದ್ದರೂ ನಾಟಕ ನಿಲ್ಲಲಿಲ್ಲ, 'ಮಹಾಮಾಯಿ' ಬಂದದ್ದು ಅದರ ನಂತರ. ಅಲ್ಲಿ ಸಾವೇ ತಾಯಿ, ಮಗ ವೈದ್ಯ. ಸಾಯುವ ರೋಗಿಯ ಪಕ್ಕ ನಿಂತು ತಾಯಿಯೊಡನೆ ಜಗಳ ಹೂಡುವ ಆ ಮಗನಲ್ಲಿ, ಸತ್ಯಭಾಮೆಯನ್ನು ತಡೆದು ಯಾರು ನೀನು ಎಂದು ಕೇಳುವ ಕುಲಗೋಡಿನ ಭಾಗವತನ ಸಲಿಗೆ ಹಾಗೆಯೇ ಇದೆ.